ಡೇರಿಯಲ್ಲಿ ನನ್ನ ಪರೀಕ್ಷೆ

ವಕ್ಕಲೇರಿಯ ಡೇರಿಯಲ್ಲಿ ಹಾಲು ಪರೀಕ್ಷಿಸುತ್ತಿದ್ದವಳು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ವಿಜ್ಞಾನದಲ್ಲಿ ಅವಳನ್ನು ಎರಡು ಸಲ ಫೇಲ್ ಮಾಡಿದ್ದೆ. ಫ್ಯಾಟ್ ಕಮ್ಮಿ ಬಂತು, ದುಡ್ಡು ಕಮ್ಮಿಯಾಯಿತು ಎಂದು ಯಾರು ಎಷ್ಟೇ ಕೂಗಾಡಿದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮಿಷನ್ ಸುಳ್ಳೇಳಲ್ಲ" ಎಂದಷ್ಟೇ ಹೇಳಿ ಮುಂದಿನ ಕ್ಯಾನಿಗೆ ಕೈ ಹಾಕುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಕೂಗಾಡಿದವನು ನಾನು. "ನಮ್ಮ ಹಸು ಹಾಲಿಗೆ ಇಷ್ಟು ಕಮ್ಮಿ ಫ್ಯಾಟಾ? ನಿನ್ನ ಮಿಷನ್ನೇ ಕಳ್ಳ ಮಿಷನ್ನು!" ಎಂದೆ. ಕೈ ನಡುಗಿ ಅರ್ಧ ಹಾಲು ನೆಲಕ್ಕೆ ಚೆಲ್ಲಿತು. ಆ ಚಳಿಯಲ್ಲೂ ಬೆವರಿ ಅಂಗಿ ಒದ್ದೆಯಾಗಿತ್ತು. ಅದೆಲ್ಲ ನನ್ನ ನ್ಯಾಯವಾದ ಸಿಟ್ಟಿನ ಪ್ರತಾಪ ಎಂದುಕೊಂಡಿದ್ದೆ.

ಅವಳು ಮಿಷನ್ ಬಿಟ್ಟು ನನ್ನ ಮುಖ ನೋಡಿದಳು.

"ಮೇಷ್ಟ್ರೇ, ತಿಂಡಿ ತಿಂದ್ರಾ?"

"ಶನಿವಾರ ಅಲ್ವೇನಮ್ಮಾ, ಉಪವಾಸ."

"ಶುಗರ್ ಮಾತ್ರೆ?"

"ಅದನ್ನ ತಪ್ಪಿಸ್ತೀನಾ? ನುಂಗಿದ್ದೀನಿ. ಮಾತ್ರೆಯಿಂದ ಉಪವಾಸ ಕೆಡಲ್ಲ."

ಅವಳು ಟೀಗೆಂದು ಇಟ್ಟಿದ್ದ ಸಕ್ಕರೆಯನ್ನು ನೀರಿಗೆ ಸುರಿದು ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ನಡುಕ ನಿಂತಿತು, ಜೊತೆಗೆ ಸಿಟ್ಟೂ. ಮಿಷನ್ನಿನ ಅಂಕಿಯನ್ನು ಮತ್ತೆ ನೋಡಿದರೆ ದಿನಾ ಬರುವಷ್ಟೇ ಇತ್ತು. ಕಣ್ಣು ಮಂಜಾಗಿ ನಾನೇ ತಪ್ಪು ಓದಿದ್ದೆ.

"ಮೈಯಲ್ಲಿರೋ ಸಕ್ರೇನ ಮಾತ್ರೆ ಇಳಿಸುತ್ತೆ ಮೇಷ್ಟ್ರೇ. ಹೊಟ್ಟೆಗೆ ಏನೂ ಹಾಕ್ದಿದ್ರೆ ಇನ್ನೂ ಇಳಿಸ್ಕೊಂಡೇ ಹೋಗುತ್ತೆ. ಉಪವಾಸ ಮಾಡ್ತೀನಂತ ಡಾಕ್ಟ್ರಿಗೆ ಹೇಳಿದ್ರಾ?"

ಮೂವತ್ತು ವರ್ಷ ಜೀರ್ಣಕ್ರಿಯೆಯ ಪಾಠ ಮಾಡಿದವನು ನಾನು. ಹಿಂದೆ ಅವಳು ನನ್ನ ಮುಂದೆ ನಿಲ್ಲುತ್ತಿದ್ದ ಹಾಗೆಯೇ, ಹೆಬ್ಬೆರಳಿನಲ್ಲಿ ನೆಲ ಕೆರೆಯುತ್ತಾ ನಿಂತಿದ್ದೆ.