ಗಂಜಿಯೊಳಗೆ ಓಡಿದ ಪ್ರೋಟೀನು

ಅರವತ್ತರ ದಶಕದ ನಡುವಿನ ಮಾತು. ಇಸವಿ ಖಚಿತವಾಗಿ ಹೇಳಲಾರೆ. ನನ್ನ ಆಗಿನ ಡೈರಿಯ ಮೊದಲ ಪುಟಗಳು ಕಿತ್ತುಹೋಗಿವೆ. ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ತಾತ್ಕಾಲಿಕ ಸಹಾಯಕಿಯಾಗಿದ್ದೆ. ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸುವುದು ನನ್ನ ಕೆಲಸ. ಆಲೂಗಡ್ಡೆಯ ಪಿಷ್ಟವನ್ನು ಕಾಯಿಸಿ ಉದ್ದನೆಯ ತಟ್ಟೆಯಲ್ಲಿ ಹೆಪ್ಪುಗಟ್ಟಿಸಬೇಕು, ಅದೇ ಜೆಲ್. ಒಂದು ತುದಿಯಲ್ಲಿ ಸೀರಮ್, ಅಂದರೆ ರಕ್ತದ ತಿಳಿ, ಇಟ್ಟು ವಿದ್ಯುತ್ ಹರಿಸಿದರೆ ಸಣ್ಣ ಪ್ರೋಟೀನುಗಳು ಮುಂದೆ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ನನ್ನ ಜೆಲ್ ಮಾತ್ರ ಮೂರು ವಾರ ಗಂಟುಗಂಟಾಗಿಯೇ ಬಂತು. ಗಂಟಿದ್ದ ಕಡೆ ಪ್ರೋಟೀನು ದಾರಿ ತಪ್ಪುತ್ತಿತ್ತು.

"ಬರುವ ವಾರವೂ ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದಮ್ಮ," ಎಂದರು ಪ್ರಾಧ್ಯಾಪಕರು.

ಶನಿವಾರ ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಆಂಡರ್ಸನ್‌ಪೇಟೆಯ ಮನೆಗೆ ಬಂದೆ. ಅಮ್ಮ ಊರವರ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಡುತ್ತಿದ್ದಳು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದವಳು ಕೇಳಿದಳು:

"ಯಾಕೇ, ಮಕ ಸಣ್ಣ ಮಾಡ್ಕೊಂಡಿದ್ದೀಯ?"

"ಕೆಲ್ಸ ಓಗೋ ಅಂಗೈತಮ್ಮ. ಗಂಜಿ ಗಂಟಾಗ್ತೈತೆ."

"ಗಂಜೀನಾ!" ಅವಳು ನಕ್ಕೇಬಿಟ್ಟಳು. "ಇಷ್ಟು ವರ್ಸ ಓದಿ ಬೆಂಗ್ಳೂರ್ಗೆ ಗಂಜಿ ಕಾಯ್ಸಾಕೇನೇ ಓಗ್ತಿದ್ದೀಯ? ಎಂಗ್ ಕಾಯಿಸ್ತೀಯ, ಏಳು."

"ಎಲ್ಲಾ ನೀರ್ಗೂ ಒಂದೇ ಸಲ ಆಲೂಗಡ್ಡೆ ಇಟ್ನ ಆಕಿ ಒಲೆ ಮೇಲಿಡ್ತೀನಿ."

"ಥೂ! ತಳ ಬೆಂದೋಗ್ತದೆ, ಮೇಲೆ ಅಸಿ ಉಳೀತದೆ. ಗಂಟಾಗ್ದೆ ಏನಾಗ್ತದೆ?"

ಸ್ವಲ್ಪ ತಣ್ಣೀರಿನಲ್ಲಿ ಹಿಟ್ಟು ಕದಡಿಕೊಂಡಳು. ಉಳಿದ ನೀರನ್ನು ಮರಳಿಸಿ ಒಂದೇ ಸಲಕ್ಕೆ ಅದರ ಮೇಲೆ ಸುರಿದು, ಕೈ ನಿಲ್ಲಿಸದೆ ತಿರುವಿದಳು. ಹಾಲಿನಂತಿದ್ದದ್ದು ನೋಡನೋಡುತ್ತಿದ್ದಂತೆ ತಿಳಿಯಾಯಿತು. ಇಂಥ ಗಂಜಿಯೊಳಗೇ ಪ್ರೋಟೀನು ಓಡಬೇಕು ಎಂದೆ.

"ಇದ್ರಾಗೆ ಏನೇ ಓಡ್ತದೆ?"

"ಪ್ಲಾಟ್‌ಫಾರ್ಮ್ ಜನದಾಗೆ ಸಣ್ ಮಕ್ಳು ನುಸುಳ್ಕೊಂಡು ಮುಂದಕ್ಕೋಗಲ್ವಾ? ಅಂಗೆ ರಕ್ತದಾಗಿರೋವು."

"ಅಂಗಾರೆ ನಾನು ಬಂಗಾರಪೇಟೇಲೇ ಉಳ್ಕೊತೀನಿ ಬಿಡು," ಎಂದು ತನ್ನ ದಪ್ಪ ಸೊಂಟ ತಟ್ಟಿಕೊಂಡಳು.

ಗಾತ್ರದ ಜೊತೆಗೆ ಪ್ರೋಟೀನಿನ ವಿದ್ಯುದಂಶವೂ ಲೆಕ್ಕಕ್ಕೆ ಬರುತ್ತದೆಂದು ಅವಳಿಗೆ ಹೇಳಲಿಲ್ಲ. ಇಲ್ಲಿ ಬರೆದ ಈ ಮಾತುಗಳನ್ನೂ ನಾನು ಪೂರ್ತಿ ನಂಬುವುದಿಲ್ಲ. ಮನೆಯಲ್ಲಿ ಆಡುತ್ತಿದ್ದಂತೆ ಅರ್ಧ ತೆಲುಗಿನಲ್ಲಿ ಆಡಿರಬೇಕು. ಪ್ಲಾಟ್‌ಫಾರ್ಮಿನ ಹೋಲಿಕೆ ಮುಂದೆ ಪಾಠ ಮಾಡುವಾಗ ಹೊಳೆದದ್ದೂ ಇರಬಹುದು. ಅವಳು ನಕ್ಕದ್ದು ಮಾತ್ರ ನಿಜ.

ಸೋಮವಾರ ಅಮ್ಮನ ಕ್ರಮದಲ್ಲೇ ಕಾಯಿಸಿದೆ. ಒಂದು ಗಂಟೂ ಇಲ್ಲ. ವಿದ್ಯುತ್ ಹರಿಸಿ, ಮರುದಿನ ಜೆಲ್ಲನ್ನು ಸೀಳಿ ಬಣ್ಣದಲ್ಲಿ ಅದ್ದಿ ತೊಳೆದಾಗ, ನೀಲಿ ಗೆರೆಗಳು ಒಂದರಿಂದೊಂದು ದೂರ, ನೆಟ್ಟಗೆ ನಿಂತಿದ್ದವು. ಪ್ರಾಧ್ಯಾಪಕರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾರು ಹೇಳಿಕೊಟ್ಟರು?"

"ನಮ್ಮ ಅಮ್ಮ," ಎಂದೆ ಎಂದೇ ನನ್ನ ನೆನಪು. ಡೈರಿಯಲ್ಲಿರುವುದು ಇಷ್ಟೇ: ‘ಜೆಲ್ ಬಂತು. ಕೆಲಸ ಉಳಿಯಿತು.’ ಅಮ್ಮನ ಹೆಸರು ಹೇಳಿದ್ದರೆ ಅದನ್ನು ಬರೆಯದೆ ಬಿಡುತ್ತಿದ್ದೆನೇ?

ಮುಂದಿನ ಶನಿವಾರ ಮನೆಗೆ ಹೋಗಿ ಕೆಲಸ ಉಳಿಯಿತೆಂದೆ.

"ನಾನೇಳ್ಕೊಟ್ಟೆ ಅಂತ ಏಳಿದ್ಯಾ ಅವರ್ಗೆ?"

"ಊಂ, ಏಳ್ದೆ."

ಅಮ್ಮನಿಗೆ ಹಾಗೆಂದದ್ದರಲ್ಲಿ ಅನುಮಾನವೇ ಇಲ್ಲ. ಯಾಕೆಂದರೆ ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಬಾಗಿಲಿಗೆ ಹೋಗಿ ಪಕ್ಕದ ಮನೆಯವಳನ್ನು ಕೂಗಿದಳು: "ಬಾರಮ್ಮ ಇಲ್ಲಿ, ನನ್ ಮಗ್ಳು ಏನಂತಾಳೆ ಕೇಳು!"