ತುರುಬಿನ ಪಾಲಿನ ಉಸಿರು

ಈಜು ತರಬೇತಿ ಕೇಂದ್ರದಲ್ಲಿ ಅವರನ್ನು ಎಲ್ಲರೂ ಅಳತೆಯತ್ತೆ ಎಂದೇ ಕರೆಯುತ್ತಿದ್ದರು. ಕ್ಲೋರಿನ್ ವಾಸನೆಯ ಚಿಕ್ಕ ಕೋಣೆ, ಗೋಡೆಗೆ ಬಡಿದ ಅಳತೆಪಟ್ಟಿ, ಅದರ ಮೇಲೆ ಜಾರುವ ಮರದ ಅಡ್ಡಹಲಗೆ, ಕೊರಳಲ್ಲಿ ಟೇಪು. ಇಷ್ಟು ಅವರ ಸಾಮ್ರಾಜ್ಯ. ಆಯ್ಕೆಗೆ ಬಂದ ಹುಡುಗಿಯರ ಎತ್ತರ, ಎದೆಸುತ್ತಳತೆಗಳನ್ನು ಅವರು ಕೂಗುವರು, ತರಬೇತುದಾರರು ಬರೆದುಕೊಳ್ಳುವರು. ಉದ್ದ ಮೈಯಲ್ಲಿ ದೊಡ್ಡ ಶ್ವಾಸಕೋಶವಿರುತ್ತದೆ ಎಂಬುದು ತರಬೇತುದಾರರ ಸಿದ್ಧಾಂತ. ಅದು ಬಹುಮಟ್ಟಿಗೆ ಸರಿಯೇ. ಆದ್ದರಿಂದಲೇ ಅದರಾಚೆ ಯೋಚಿಸುವ ಕಷ್ಟವನ್ನು ಅವರು ತೆಗೆದುಕೊಂಡಿರಲಿಲ್ಲ. ಪಟ್ಟಿಯ ಮೇಲೊಂದು ಕೆಂಪು ಗೆರೆ ಎಳೆಸಿದ್ದರು. ಗೆರೆ ಮುಟ್ಟಿದವಳು ಕೊಳಕ್ಕೆ, ಮುಟ್ಟದವಳು ಮನೆಗೆ.

ಅಳತೆಯತ್ತೆ ನ್ಯಾಯನಿಷ್ಠರು. ಯಾವ ತಾಯಿ ಬಂದು ಗೋಗರೆದರೂ ಮಗಳ ಜುಟ್ಟು ಬಿಚ್ಚಿಸಿ, ಹಿಮ್ಮಡಿ ನೆಲಕ್ಕೆ ಒತ್ತಿಸಿ, ಹಲಗೆಯನ್ನು ನೆತ್ತಿಗೆ ತಾಗಿಸಿಯೇ ಅಳೆದವರು. ಈ ನಿಷ್ಠೆ ಅವರ ತಮ್ಮನ ಮಗಳು ಆಯ್ಕೆಗೆ ಬರುವವರೆಗೂ ಅಚಲವಾಗಿತ್ತು.

ಹನ್ನೆರಡರ ಆ ಹುಡುಗಿಯ ತಲೆ ಗೆರೆಗಿಂತ ಮೂರು ಬೆರಳು ಕೆಳಗಿತ್ತು. ಅತ್ತೆ ಅವಳ ತುರುಬು ಬಿಚ್ಚಿಸಲಿಲ್ಲ. ನೆತ್ತಿಯ ಮೇಲೆ ಬಿಗಿದಿದ್ದ ಅದಕ್ಕೇ ಹಲಗೆ ತಾಗಿತು, ಗೆರೆ ದಕ್ಕಿತು.

“ಅತ್ತೆ, ಕೂದಲು...”

“ಬಾಯ್ಮುಚ್ಕೊಂಡು ನೆಟ್ಟಗೆ ನಿಂತ್ಕೊ. ಕೂದಲೂ ನಿನ್ನ ಮೈಯೇ ತಾನೆ?”

ಶರೀರಶಾಸ್ತ್ರಕ್ಕೆ ಇದು ಹೊಸ ಕೊಡುಗೆ.

ಮರುವಾರ ಕೇಂದ್ರಕ್ಕೆ ಊದುವ ಯಂತ್ರವೊಂದು ಬಂತು, ಜೊತೆಗೊಬ್ಬ ಡಾಕ್ಟರಮ್ಮ. ವಯಸ್ಸು, ಎತ್ತರ ತಿಳಿಸಿದರೆ ಆ ಮೈಯಲ್ಲಿ ಎಷ್ಟು ಗಾಳಿ ಇರಬೇಕೆಂದು ಯಂತ್ರ ಲೆಕ್ಕ ಹಾಕುತ್ತದೆ. ಊದಿದ್ದು ತೀರ ಕಡಿಮೆಯಾದರೆ ಎದೆಯಲ್ಲೇನೋ ದೋಷವಿದೆಯೆಂದು ಅನುಮಾನಿಸುತ್ತದೆ. ಹುಡುಗಿ ಕಣ್ಣುಗುಡ್ಡೆ ಹೊರಬರುವಂತೆ ಊದಿದಳು. ಮತ್ತೂ ಊದಿದಳು. ಯಂತ್ರಕ್ಕೆ ತೃಪ್ತಿಯಿಲ್ಲ. ಅದು ತುರುಬಿನ ಪಾಲಿನ ಉಸಿರನ್ನೂ ಕೇಳುತ್ತಿತ್ತು.

“ಈ ಎತ್ತರಕ್ಕೆ ಈ ಗಾಳಿ ಸಾಲದು,” ಎಂದರು ಡಾಕ್ಟರಮ್ಮ. “ಸದ್ಯಕ್ಕೆ ನೀರಿಗಿಳಿಸ್ಬೇಡಿ.”

“ಎದೆ ದುರ್ಬಲ ಅಂತ ಒಂದ್ಸಲ ದಾಖಲಾದ್ರೆ ಮುಗೀತಮ್ಮ,” ಎಂದರು ತರಬೇತುದಾರರು ಹುಡುಗಿಗೆ. “ಯಾವ ಕೊಳದೋರೂ ಸೇರಿಸ್ಕೊಳ್ಳಲ್ಲ.”

ಹುಡುಗಿ ಅತ್ತೆಯತ್ತ ನೋಡಿದಳು. ಅತ್ತೆ ಟೇಪು ಸುತ್ತುವುದರಲ್ಲಿ ಮಗ್ನರಾಗಿದ್ದರು. ಇಷ್ಟು ವರ್ಷ ಚಿಟಿಕೆ ಹೊಡೆಯುವಷ್ಟರಲ್ಲಿ ಸುತ್ತುತ್ತಿದ್ದ ಟೇಪು ಅಂದು ಮಾತ್ರ ಸುತ್ತಿ ಮುಗಿಯಲೇ ಇಲ್ಲ.

ಹುಡುಗಿ ತಾನೇ ಪಿನ್ನು ಕಿತ್ತಳು. ಕೂದಲು ಭುಜದ ಮೇಲೆ ಸುರಿಯಿತು.

“ಈಗ ಅಳೀರಿ. ಕುಳ್ಳಿ ಅಂತ ಬೇಕಾದ್ರೆ ಮನೆಗೆ ಕಳ್ಸಿ, ರೋಗಿ ಅಂತ ಕಳಿಸ್ಬೇಡಿ. ಕುಳ್ಳಿ ಬೆಳೀತಾಳೆ.”

ಡಾಕ್ಟರಮ್ಮ ತಾವೇ ಅಳೆದು ಯಂತ್ರಕ್ಕೆ ನಿಜವಾದ ಎತ್ತರ ಹಾಕಿದರು. ಯಂತ್ರ ಒಪ್ಪಿತು, ಕೆಂಪು ಗೆರೆ ಒಪ್ಪಲಿಲ್ಲ. ಯಾವ ದೋಷವೂ ಇಲ್ಲದ ಶ್ವಾಸಕೋಶ ಹೊತ್ತು ಅವಳು ಮನೆಗೆ ಹೋದಳು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡ ಅತ್ತೆಗೆ ಪಕ್ಕದ ಟವೆಲ್ ಕೋಣೆಯ ಸಂಪೂರ್ಣ ಅಧಿಕಾರವನ್ನು ವಹಿಸಲಾಯಿತು. ತಮ್ಮನ ಹೆಂಡತಿ ವರ್ಷವಿಡೀ ಮಾತು ಬಿಟ್ಟಳು. ಇಡೀ ಪ್ರಕರಣದಲ್ಲಿ ಅದೊಂದೇ ಲಾಭ ಎನ್ನುತ್ತಾರೆ ಅತ್ತೆ.

ಮುಂದಿನ ವರ್ಷದ ಆಯ್ಕೆಗೆ ಹುಡುಗಿ ಬಂದಾಗ ಅವಳ ಕೂದಲು ತರಬೇತುದಾರರ ಮೀಸೆಗಿಂತ ಗಿಡ್ಡ. ಆದರೂ ಅವರು ನೆತ್ತಿ ತಡವಿ ನೋಡಿಯೇ ಹಲಗೆ ಇಳಿಸಿದರು. ಗೆರೆ ದಾಟಿ ಒಂದು ಬೆರಳು. ಯಂತ್ರವೂ ತಕರಾರೆತ್ತಲಿಲ್ಲ.

ಕೊಳದಿಂದೆದ್ದವಳು ನೀರು ಸೋರಿಸುತ್ತ ಟವೆಲ್ ಕೋಣೆಯ ಕಿಟಕಿಗೆ ಬಂದಳು.

“ಅತ್ತೆ, ಟವೆಲ್ ಕೊಡು. ಉದ್ದಂದು.”

“ಎಲ್ಲ ಒಂದೇ ಅಳತೆ ಕಣೇ,” ಎಂದರು ಅತ್ತೆ. “ನಾನಂತೂ ಎಳೆದು ಉದ್ದ ಮಾಡಿ ಕೊಡಲ್ಲ.”