ಧಣಿಯರ ಮೋಟರ್ ಎತ್ತಿದರಾ?

ಸರ್ಕಾರ ಅಪರೂಪಕ್ಕೊಮ್ಮೆ ನಿಜ ಹೇಳಿಬಿಟ್ಟರೆ ಏನಾಗುತ್ತದೆ? ಇಷ್ಟು ವರ್ಷ ಅಂಕಣ ಬರೆದರೂ ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. (ಬರುವಂಥ ಸಂದರ್ಭವೂ ಇರಲಿಲ್ಲ ಅನ್ನಿ.)

ಮೊನ್ನೆ ಬೈಲಹೊಂಗಲದಿಂದ ಅಕ್ಕನ ಊರಿಗೆ ಹೋಗಿದ್ದೆ. ಮನೋಳಿಯಿಂದ ಸ್ವಲ್ಪ ಮುಂದೆ, ಮಲಪ್ರಭೆಯ ದಂಡೆಯ ಮೇಲಿನ ಊರು. ಅಕ್ಕನ ಹಿತ್ತಲಲ್ಲಿ ನಿಂತರೆ ಹೊಳೆ ಕಾಣುತ್ತದೆ. ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಬಿಸಿಬಿಸಿಯಾಗಿ ಖಾಲಿ ಮಾಡುತ್ತಿದ್ದೆ. ಅಷ್ಟರಲ್ಲಿ ಓಣಿಗೊಂದು ಆಟೋ ಬಂತು. ಅದರ ಮೇಲೊಂದು ಮೈಕ್.

"ಜಲಾಶಯದಿಂದ ನದಿಗೆ ಹೆಚ್ಚಿನ ನೀರು ಬಿಡಲಾಗುತ್ತಿದ್ದು, ನದಿ ದಂಡೆಯ ಜನರು ಜಾನುವಾರುಗಳ ಸಮೇತ ಸುರಕ್ಷಿತ ಸ್ಥಳಕ್ಕೆ ತೆರಳಬೇಕಾಗಿ ವಿನಂತಿ!"

ನಾನು ತಟ್ಟೆ ಬಿಟ್ಟು ಎದ್ದೆ. ಇಡೀ ಓಣಿಯಲ್ಲಿ ಎದ್ದವನು ನಾನೊಬ್ಬನೇ.

"ಕುಂತು ಉಣ್ಣು ತಮ್ಮಾ," ಅಂದಳು ಅಕ್ಕ. "ಇದಽ ಆಟೋ, ಇದಽ ದನಿ. ಇಲೆಕ್ಷನ್‌ದಾಗ ಹೊಳಿಗುಂಟ ತಡಿಗ್ವಾಡಿ ಕಟ್ಟತೇವಿ ಅಂತ ಒದರಿತ್ತು. ಎಲ್ಲೈತಿ ಗ್ವಾಡಿ? ನಂಗೂ ಒಂದೀಟು ತೋರಸು."

"ಅಕ್ಕಾ, ಇದು ಇಲೆಕ್ಷನ್ ಅಲ್ಲ. ನೀರಿನ ಮಾತು."

"ನೀನಽ ವಾರಾ ವಾರಾ ಪೇಪರ್‌ನ್ಯಾಗ ಬರೀತಿ, ಇವರು ಹೇಳೂದೆಲ್ಲಾ ಸುಳ್ಳ ಅಂತ. ಇವತ್ತ ನಂಬು ಅಂತೀಯಲ್ಲ?"

ಅಕ್ಕ ನನ್ನ ಅಂಕಣ ಓದುತ್ತಾಳೆ ಅಂತ ಗೊತ್ತಾಗಿದ್ದೇ ಆವಾಗ!

ಅವಳದು ಬರೀ ಹಟವಲ್ಲ. ಕೊಟ್ಟಿಗೆಯಲ್ಲಿ ತುಂಬು ಗಬ್ಬದ ಎಮ್ಮೆ. ಇವತ್ತೋ ನಾಳೆಯೋ ಈಯಬೇಕು. ಅವರ ಮನೆ ನಡೆಯುವುದೇ ಅದರ ಹಾಲಿನ ಮೇಲೆ. ಅಂಥ ಎಮ್ಮೆಯನ್ನು ಏರು ಹತ್ತಿಸಿ ಎತ್ತರದಲ್ಲಿರುವ ಊರ ಶಾಲೆಯವರೆಗೆ ನಡೆಸುವುದೆಂದರೆ ಹುಡುಗಾಟವಲ್ಲ. ಸುಳ್ಳು ಸುದ್ದಿ ನಂಬಿ ನಡೆಸಿದರೆ ಎಮ್ಮೆಗೆ ಅಪಾಯ. ಖರೇ ಸುದ್ದಿ ನಂಬದೆ ಬಿಟ್ಟರೂ ಎಮ್ಮೆಗೇ ಅಪಾಯ. ಸಾಲದ್ದಕ್ಕೆ ಊರ ಮೇಲೆ ಬಿಸಿಲು ಹೊಡೆಯುತ್ತಿತ್ತು. ಮಳೆ ಆಗಿದ್ದು ಹೊಳೆಯ ಮೇಲ್ಭಾಗದಲ್ಲಿ, ಖಾನಾಪುರದ ಕಡೆ.

ಕುತೂಹಲ ತಡೆಯಲಾಗದೆ ಹೊರಗೆ ಹೋದೆ. ಆಟೋದಲ್ಲಿ ಒದರುತ್ತಿದ್ದ ಮೈಕಿನ ಮೌಲಾಲಿ ಚಹಾದಂಗಡಿಯಲ್ಲಿ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದ.

"ಏನ್ ಮಾಡ್ಲಿ ಸರ? ಎಲ್ಲಾ ಪಾರ್ಟಿಗೂ ನಾನಽ ಒದರೇನ್ರಿ. ಆವಾಗ ಜನಾ ಬಾಗಲಾ ತಗದು ನಿಂತು ಕೇಳತಿದ್ರು. ಇವತ್ತ ಖರೇ ಹೇಳಾಕ ಹತ್ತೇನಿ, ನೋಡಿ ನಗತಾರ."

ಪಕ್ಕದ ಕಟ್ಟೆಯ ಮೇಲೆ ಐದಾರು ಜನ ಆರಾಮಾಗಿ ಕೂತಿದ್ದರು. ಅವರಲ್ಲಿ ಅಕ್ಕನ ಎದುರುಮನೆಯ ಬಸಪ್ಪ ಕಾಕಾ ನನ್ನನ್ನೇ ಕೇಳಿದ. "ಧಣ್ಯಾರ ಮೋಟರ್ ಎತ್ಯಾರೇನು?"

ಧಣಿಯರೆಂದರೆ ಆ ಭಾಗದ ಆಡಳಿತ ಪಕ್ಷದ ಮುಖಂಡರು. ಅವರ ಹೊಲವೂ ಹೊಳೆ ದಂಡೆಗೇ ಇದೆ. ನೀರೆತ್ತುವ ಮೋಟರೂ ಅಲ್ಲೇ ಇದೆ. ಊರಿನ ಲೆಕ್ಕಾಚಾರ ಬಹಳ ಸರಳ. ದೊಡ್ಡವರು ಬಾಯಲ್ಲಿ ಏನಾದರೂ ಹೇಳಲಿ, ಅದನ್ನು ಕೇಳಬೇಡ. ಅವರು ತಮ್ಮ ಸಾಮಾನು ಎತ್ತುತ್ತಾರಾ, ಅಷ್ಟನ್ನು ನೋಡು. ಒಳಗಿನ ಸುದ್ದಿ ಮೊದಲು ಮುಟ್ಟುವುದು ಅವರಿಗೇ ಅಲ್ಲವೇ?

ನಾನು ಬೆರಗಾಗಿಬಿಟ್ಟೆ. ಹೊಳೆಯ ನೀರು ಏರುತ್ತಿದೆಯಾ ಅಂತ ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಧಣಿಯರ ಮೋಟರಿನ ಮೇಲೆ. ನಂಬಿಕೆ ಸತ್ತಿದೆ ಅಂತ ನಾವು ಬರೆಯುತ್ತೇವಲ್ಲ, ಅದು ಸತ್ತಿರಲಿಲ್ಲ, ಜಾಗ ಬದಲಿಸಿತ್ತು. ಮಾತಿನ ಮೇಲಿಂದ ಎದ್ದು ಮೋಟರಿನ ಮೇಲೆ ಕೂತಿತ್ತು.

ಮಧ್ಯಾಹ್ನವಾಯಿತು. ಮೋಟರ್ ಎದ್ದಿಲ್ಲ. ಅಕ್ಕ ಊಟ ಮಾಡಿ ಪಾತ್ರೆ ತಿಕ್ಕಿದಳು. ನನಗೆ ಒಳಗೊಳಗೇ ಹೆದರಿಕೆ.

ಸಂಜೆಯ ಹೊತ್ತಿಗೆ ಯಾರೋ ಕೂಗಿಕೊಂಡು ಬಂದರು. "ಧಣ್ಯಾರ ಟ್ರ್ಯಾಕ್ಟರ್ ಹೊಳಿಗಿ ಇಳದೈತಿ! ಮೋಟರ್ ಎತ್ತಾಕ ಹತ್ಯಾರ!"

ಬಿತ್ತಲ್ಲ ಊರಿಗೆ ಬೆಂಕಿ! ಯಾರ ಕೈಯಲ್ಲಿ ಹಾಸಿಗೆ, ಯಾರ ಹೆಗಲ ಮೇಲೆ ಕಾಳಿನ ಚೀಲ. "ಏಳೋ ತಮ್ಮಾ, ಎಮ್ಮಿ ಬಿಚ್ಚು!" ಅಂತ ಅಕ್ಕ ನನ್ನ ಮೇಲೇ ರೇಗಿದಳು, ತಡ ಮಾಡಿದವನು ನಾನೇ ಅನ್ನುವ ಹಾಗೆ. ಎಮ್ಮೆ ನಾಲ್ಕು ಹೆಜ್ಜೆ ಇಡುವುದು, ನಿಂತು ಏದುಸಿರು ಬಿಡುವುದು. ಹಿಂದೆ ತಿರುಗಿ ನೋಡಿದರೆ ಹಿತ್ತಲಿಗೆ ಕೆಂಪು ನೀರು ನುಗ್ಗಿತ್ತು.

ಎಮ್ಮೆ ಶಾಲೆಯ ಆವರಣದಲ್ಲೇ ಈಯಿತು. ಹೆಣ್ಣು ಕರು. ನಮ್ಮ ಅದೃಷ್ಟ. ಬಸಪ್ಪ ಕಾಕಾನ ಮೋಟರ್ ಮಾತ್ರ ಹೊಳೆಯ ಪಾಲಾಯಿತು. ಧಣಿಯರ ಮೋಟರ್ ಎದ್ದ ಮೇಲೇ ತನ್ನದು ಎತ್ತಬೇಕು ಅಂತ ಕಾದಿದ್ದ ಪಾಪ.

ಶಾಲೆಯಲ್ಲಿ ಧಣಿಯರ ಟ್ರ್ಯಾಕ್ಟರ್ ಡ್ರೈವರ್ ನಿಂಗಪ್ಪ ಸಿಕ್ಕ. ಮುಂಜಾನೆಯೇ ಎತ್ತಬಹುದಿತ್ತಲ್ಲ ಅಂತ ಕೇಳಿದೆ.

"ಧಣ್ಯಾರು ಮುಂಜಾನಿಂದ ಒಂದಽ ಕೇಳಾಕ ಹತ್ತಿದ್ರಿ. ಊರಾಗ ಯಾರರ ಎದ್ದಾರೇನು ಅಂತ. ಯಾರೂ ಇಲ್ರಿ ಅಂದೆ. ಹಂಗಾರ ಸುಳ್ಳ ಇರಬೇಕು ಬಿಡು ಅಂದ್ರು. ಕಡೀಕ ನೀರು ಪೈಪಿಗೆ ಬಡದ ಮ್ಯಾಲೆ, ಎತ್ತು ಅಂದ್ರು."

ಕೇಳಿದಿರಾ? ಊರು ಧಣಿಯರನ್ನು ನೋಡುತ್ತಾ ಕೂತಿತ್ತು. ಧಣಿಯರು ಊರನ್ನು ನೋಡುತ್ತಾ ಕೂತಿದ್ದರು. ಅವರದೇ ಸರ್ಕಾರದ ಮಾತಿನ ಮೇಲೆ ಅವರಿಗೇ ನಂಬಿಕೆ ಬಂದಿರಲಿಲ್ಲ!

ಮರುದಿನ ಧಣಿಯರು ಬಿಸ್ಕಿಟ್ ಪಾಕೀಟು ಹಿಡಿದು ಶಾಲೆಗೆ ಬಂದರು. ವಿಡಿಯೋ ತೆಗೆಯುವವನೂ ಜೊತೆಗಿದ್ದ. "ನಿನ್ನಿ ಮುಂಜಾನೇನಽ ಮೈಕಿನ್ಯಾಗ ಹೇಳಿದ್ರೂ ನೀವ್ಯಾಕ ಏಳಲಿಲ್ಲ?" ಅಂತ ಜನರಿಗೇ ಗದರಿದರು.

ಕರುವಿನ ಮೈ ಒರೆಸುತ್ತಿದ್ದ ಅಕ್ಕ ತಲೆ ಎತ್ತಿದಳು. "ನೀವ್ಯಾಕ ಏಳಲಿಲ್ರೀ ಧಣೇರ?"

ಧಣಿಯರು ವಿಡಿಯೋದವನಿಗೆ ನಿಲ್ಲಿಸು ಅಂತ ಕೈಸನ್ನೆ ಮಾಡಿದರು. "ಖರೇ ಹೇಳಲೇನ್ ತಂಗೀ? ನಂಗೂ ನಂಬಿಕಿ ಬರಲಿಲ್ಲ. ನೀವು ಯಾರೂ ಎದ್ದಿರಲಿಲ್ಲಲ್ಲ."

ಅವರ ಕಾರು ಗೇಟು ದಾಟಿತೋ ಇಲ್ಲವೋ, ಅಕ್ಕ ಮುಖ ತಿರುವಿದಳು. "ಶುದ್ಧ ಸುಳ್ಳ. ಇವರಿಗೆ ಹಿಂದಿನ ದಿನಾನಽ ಫೋನ್ ಬಂದಿರತೇತಿ." ಸುತ್ತ ಕೂತವರೆಲ್ಲ ಹೌದು ಹೌದು ಅಂದರು. ನಾನು ನಿಂಗಪ್ಪನ ಮಾತು ಹೇಳಿದೆ. "ಅಂವ ಅವರ ಆಳು" ಅಂತ ಬಸಪ್ಪ ಕಾಕಾ ನನ್ನ ಬಾಯಿ ಮುಚ್ಚಿಸಿದ.

ಧಣಿಯರು ಆವತ್ತು ಹೇಳಿದ್ದು ನಿಜ ಅಂತ ನಾನೀಗ ಬರೆದರೆ, ನೀವಾದರೂ ನಂಬುತ್ತೀರಾ?